ಕರೆದರೆ ಬಾರದ ಕೆಂಚ

ನಾನು ಮಾತು ಉಳಿಸಲು ಹೋದಾಗಲೆಲ್ಲ ಯಾರಾದರೊಬ್ಬರು ಬಂದು ಅದನ್ನು ಖರ್ಚು ಮಾಡಿಸಿದ್ದಾರೆ. ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿಸಿದ್ದು ಒಂದು ನಾಯಿ.

ಆಗ ನಿಜಾಮರ ರಾಜ್ಯ. ಕುಷ್ಟಗಿ ಸೀಮೆಯ ಗಡಿಯಲ್ಲೊಂದು ಸುಂಕದ ನಾಕಾ. ನಾನು ಅದರ ಜವಾನ. ರಸ್ತೆಗೆ ಅಡ್ಡ ಒಂದು ಮರದ ಗಳ, ಪಕ್ಕದಲ್ಲಿ ತಗಡಿನ ಖೋಲಿ, ಸುತ್ತ ಎರೆಹೊಲ. ಗಡಿಕಲ್ಲಿನ ಆಚೆ ಇಂಗ್ಲಿಷರ ಸೀಮೆ. ಬಂಡಿ ಬಂದರೆ ಮನುಷ್ಯರ ಮುಖ ಕಾಣುತ್ತಿತ್ತು. ಬಾರದಿದ್ದರೆ ಇಲ್ಲ. ಹೆಂಡತಿ ತೀರಿಹೋಗಿದ್ದಳು.

ಒಬ್ಬ ಬಂಡಿಯವನು ಕೆಂಚು ನಾಯಿಮರಿಯೊಂದನ್ನು ಬಿಟ್ಟುಹೋದ. ಕೆಂಚ ಎಂದು ಹೆಸರಿಟ್ಟೆ. ಚಿಕ್ಕದಿದ್ದಾಗ ಕಾಲಲ್ಲೇ ಸುತ್ತುತ್ತಿತ್ತು. ಮೈ ಬಲಿತು ಕಿವಿ ನೆಟ್ಟಗಾದ ಮೇಲೆ ಆ ಕಿವಿಗೆ ನನ್ನ ಮಾತು ಬೀಳುವುದು ನಿಂತಿತು. "ಬಾ" ಅಂದರೆ ಓಡುತ್ತಿತ್ತು. ಒಂದು ದಿನ ಹೋದದ್ದು ತಿರುಗಿ ಬಾರದಿದ್ದರೆ ಆ ಖೋಲಿಯಲ್ಲಿ ಉಸಿರಾಡುವವನು ನಾನೊಬ್ಬನೇ. ಅದಕ್ಕೇ ಕಲಿಸಲು ಹೊರಟೆ.

೧. ಗದರಿಸಿ ಕರೆದೆ

ಕೆಂಚ ಹೊಲದಲ್ಲಿ ಮೊಲದ ಬೆನ್ನು ಹತ್ತಿತ್ತು. ಕಟ್ಟೆ ಏರಿ ಕೂಗಿದೆ.

"ಏ, ಕಾಣಾಕತ್ತಿ! ಸುಮ್ನ ಬಾ! ಬಂದ್ರ ಬಡಿಯಂಗಿಲ್ಲ!"

ಕೆಂಚ ಬರಲಿಲ್ಲ. ದೂರದ ಹಳ್ಳದೊಳಗಿಂದ ಒಂದು ಜೋಳದ ಕಣಿಕೆಯ ಬಂಡಿ ಮೇಲೆದ್ದು ಬಂತು. ನಾಕಾ ತಪ್ಪಿಸಿ ಹೊರಟಿದ್ದವನು. ಇಳಿದು ಕೈಮುಗಿದು, ತಾನೇ ಕಣಿಕೆ ಸರಿಸಿ, ಅಡಿಯಲ್ಲಿದ್ದ ಇಳಕಲ್ ಸೀರೆಯ ಗಂಟು ಹೊರಗಿಟ್ಟ.

"ಹಳ್ಳದಾಗ ಇದ್ದಾಂವ ನಿಮಗ ಹೆಂಗ ಕಂಡೆ ಜವಾನ್ ಸಾಹೇಬ್ರ?"

"ನಾ ಕರದದ್ದು ನಾಯಿನ," ಅಂದೆ.

ಅವನ ಮೋರೆ ಸಣ್ಣದಾಯಿತು. "ಸುಂಕ ಕಟ್ಟತೀನ್ರಿ. ಮತ್ಯಾಕ ಬೈತೀರಿ?"

೨. ಬೆನ್ನು ಹತ್ತಿದೆ

ಕೆಂಚ ಗಡಿ ದಾಟಿತು. ಸರ್ಕಾರಿ ವೇಷದಲ್ಲಿ ನಾವು ಆಚೆ ಕಾಲಿಡುವಂತಿರಲಿಲ್ಲ. ರುಮಾಲು, ಬಿಲ್ಲೆಯ ಪಟ್ಟಾ, ಅಂಗಿ ಎಲ್ಲ ತೆಗೆದು ಗಡಿಕಲ್ಲಿನ ಮೇಲಿಟ್ಟು, ಬರೀ ಧೋತರದಲ್ಲಿ ಓಡಿದೆ. ನಾನು ಓಡಿದಷ್ಟೂ ಅದಕ್ಕೆ ಆಟ. ಇಂಗ್ಲಿಷರ ಸೀಮೆಯನ್ನೆಲ್ಲ ತೋರಿಸಿ, ಒಂದು ಸುತ್ತು ಹಾಕಿ ಮಾಯವಾಯಿತು.

ತೇಕುತ್ತ ತಿರುಗಿ ಬಂದೆ. ಗಳದ ಮುಂದೆ ಕುದುರೆಯ ಮೇಲೆ ನಾಕಾ ತಪಾಸಣೆಗೆ ಬಂದ ದಾರೋಗಾ ಸಾಹೇಬರು. ಕಲ್ಲಿನ ಮೇಲೆ ನನ್ನ ರುಮಾಲು, ಪಟ್ಟಾ. ಅದರ ಬುಡದಲ್ಲಿ ಕೆಂಚ, ಎದೆ ಸೆಟೆಸಿ ಕುಳಿತು ಸಾಹೇಬರಿಗೆ ಗುರ್ ಅನ್ನುತ್ತಿತ್ತು.

"ನೀ ಯಾರಪಾ?" ಅಂದರು.

"ಇಲ್ಲಿ ಜವಾನ್ರಿ."

"ಸುಳ್ಳು ಹೇಳಬ್ಯಾಡ. ಜವಾನ ಇಲ್ಲೇ ಅದಾನ. ಆಗಿನಿಂದ ನನ್ನನ್ನೂ ಬಿಟ್ಟಿಲ್ಲ."

೩. ನಗುತ್ತ ಕರೆದೆ

ಮಜ್ಜಿಗೆ ಮಾರುವ ಮುದುಕಿಯೊಬ್ಬಳು ದಿನಾ ಗಡಿ ದಾಟಿ ಬರುತ್ತಿದ್ದಳು. ನನ್ನ ಒದ್ದಾಟ ನೋಡಿ ಕೊಡ ಇಳಿಸಿದಳು.

"ಅದು ಬಂದ್ರ ಏನ್ ಮಾಡ್ತೀಯಪಾ?"

"ಬೈತೀನಿ. ಕಟ್ಟಿ ಹಾಕ್ತೀನಿ."

"ಭಾರಿ ಮರ್ಯಾದಿ ಮಾಡ್ತಿ ಬಿಡು! ಬಂದಕೂಡ್ಲೆ ರೊಟ್ಟಿ ಚೂರು ಕೊಡು, ಮತ್ತ ಬಿಡು. ಕರಿಯೂದು ನಕ್ಕೋತ ಕರಿ."

"ನಗಾಕ ಬರಂಗಿಲ್ಲ."

"ಹಂಗಾರ ಮೊದ್ಲ ನೀ ಕಲಿ. ನಾಯಿದು ಆಮ್ಯಾಲೆ."

ಕಲಿತೆ. ಖಾಲಿ ಹೊಲದ ಕಡೆ ಮುಖ ಮಾಡಿ "ಬಾರೋ ನನ್ನ ರಾಜಾ" ಅಂತ ಅಂದು ನೋಡಿದೆ. ಅಂಥ ಮಾತು ನನ್ನ ಬಾಯಿಂದ ಬಿದ್ದು ವರ್ಷಗಳಾಗಿದ್ದವು. ಮತ್ತೆ ಅಂದೆ. ಕೆಂಚ ಕತ್ತು ಓರೆ ಮಾಡಿ ನೋಡಿತು. ಬಂತು. ರೊಟ್ಟಿ ತಿಂದಿತು. ಮರುದಿನ ಇನ್ನೂ ದೂರದಿಂದ ಬಂತು.

ಗಳದ ಆಚೆ ಒಬ್ಬ ಬಂಡಿಯವನು ಇದನ್ನೆಲ್ಲ ನೋಡುತ್ತ ನಿಂತಿದ್ದ. ಗಳ ಎತ್ತಿದೆ. "ಬಾ," ಅಂದೆ.

ಅವನು ಅಲುಗಲಿಲ್ಲ. "ನನಗೂ ರಾಜಾ ಅನ್ರಿ. ಬರ್ತೀನಿ."

೪. ಒಂದೇ ಕೂಗು

ಯಲಬುರ್ಗಾಕ್ಕೆ ಬದಲಿಯ ಹುಕುಂ ಬಂತು. ಆ ಕಡೆ ಹೊರಟ ಉಪ್ಪಿನ ಲಾರಿಯೊಂದು ನನ್ನನ್ನು ಕರೆದೊಯ್ಯಲು ಒಪ್ಪಿತು. ನನ್ನ ಹಾಸಿಗೆ, ಟ್ರಂಕು ಲಾರಿಗೆ ಹಾಕಿಸಿದೆ. ಹೊಸ ಜವಾನ ಆಗಲೇ ಖೋಲಿಯಲ್ಲಿ ತನ್ನ ಚಾಪೆ ಬಿಚ್ಚಿದ್ದ.

ಕೆಂಚ ಕಾಣಲಿಲ್ಲ.

ಗಡಿಕಲ್ಲಿನ ಹತ್ತಿರ ನಿಂತು ಕರೆದೆ. "ಬಾರೋ ನನ್ನ ರಾಜಾ!" ಆಚೆ ಊರಿನ ನಾಯಿಗಳೆಲ್ಲ ಬಂದವು. ನನ್ನ ದನಿ ಎಂದರೆ ರೊಟ್ಟಿ ಎಂದು ಅವೂ ಕಲಿತಿದ್ದವು. ಬುತ್ತಿ ಖಾಲಿಯಾಯಿತು. ಅವುಗಳಲ್ಲಿ ಕೆಂಚ ಇರಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ. ಮತ್ತೆ ಕರೆದೆ. ದನಿ ಒಡೆಯಿತು. ಎದುರಿಗೆ ಬರೀ ಎರೆಹೊಲ. ಅಷ್ಟು ದೊಡ್ಡ ಹೊಲ ಅದಕ್ಕೂ ಮೊದಲು ನಾನು ನೋಡಿರಲಿಲ್ಲ.

ಹಿಂದಿನಿಂದ ಡ್ರೈವರ್ ಕೂಗಿದ. "ಜವಾನ್ ಸಾಹೇಬ್ರ, ಯಾರ್ನ ಕರಿಯಾಕತ್ತೀರಿ?"

"ನಾಯಿನ."

"ಕೆಂಪು ನಾಯೇನ್ರಿ? ಆಗಲೇ ನಿಮ್ಮ ಹಾಸಿಗಿ ಮ್ಯಾಲ ಹತ್ತಿ ಕುಂತೈತಿ. ನನಗೂ ಮುಟ್ಟಗೊಡವಲ್ಲದು."

ತಿರುಗಿ ನೋಡಿದೆ. ಉಪ್ಪಿನ ಚೀಲಗಳ ನಡುವೆ ಕೆಂಪು ಮೋರೆ. ಅದು ನನ್ನನ್ನು ನೋಡಿ ಒಮ್ಮೆ ಬೊಗಳಿತು. ಒಂದೇ ಸಲ.

ನಾನು ಓಡಿದೆ.

ಹತ್ತಿ ಕುಳಿತಾಗ ಡ್ರೈವರ್ ಹಣಕಿ ನೋಡಿ ನಕ್ಕ. "ಒಂದು ಕೂಗಿಗೇ ಬಂದ್ರಲ್ಲರಿ! ಛಲೋ ಕಲಿಸೈತಿ ನಿಮಗ."