ಗೋಸೇವೆಗೆ ಅನರ್ಹನಾದವನು

ಗೋಸೇವೆಯು ಆತ್ಮೋನ್ನತಿಯ ಸಾಧನವಾಗಿರುವುದರಿಂದ, ಸಂಬಳ ಪಡೆಯುವವರು ಗೋವನ್ನು ಮುಟ್ಟತಕ್ಕದ್ದಲ್ಲವೆಂದು ಗೋಸೇವಾ ಸಮಿತಿಯು ಸರ್ವಾನುಮತದಿಂದ ಠರಾವು ಮಾಡಿತು. ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು, ಸಂಬಳದವನೂ ಒಬ್ಬನೇ. ಹನ್ನೊಂದು ವರ್ಷದಿಂದ ಸಗಣಿ ಬಾಚಿ, ನೀರು ಕುಡಿಸಿ, ಉಣ್ಣಿ ಕೀಳುತ್ತಿದ್ದ ಆ ಆಳಿಗೆ ಕಾರ್ಯದರ್ಶಿಗಳು ಪೊರಕೆ ಕೆಳಗಿಡಲು ಹೇಳಿದರು.

"ಹಾಗಾದ್ರೆ ನೀರು ಯಾರು ಕುಡಿಸ್ತಾರೆ ಸ್ವಾಮಿ?"

"ಭಕ್ತರು. ಸೇವಾಪಟ್ಟಿ ನೋಡು."

ಪಟ್ಟಿಯಲ್ಲಿ ಬಾಲಸ್ಪರ್ಶ, ಕಿವಿಯಲ್ಲಿ ಕೋರಿಕೆ, ಮೂರು ಸುತ್ತು, ಜೊತೆಯಲ್ಲಿ ಫೋಟೋ ಇದ್ದವು. ಸಗಣಿಯೂ ಇತ್ತು, ದರ್ಶನಕ್ಕೆ ಮಾತ್ರ. ನೀರಿನ ಸುದ್ದಿಯೇ ಇರಲಿಲ್ಲ.

ಮರುದಿನ ಹಸು ಒಣ ಬಕೆಟ್ಟು ನೆಕ್ಕುವುದನ್ನು ಕಂಡು ಆಳು ರಾಜೀನಾಮೆ ಕೊಟ್ಟು ಭಕ್ತರ ಸಾಲಿನಲ್ಲಿ ನಿಂತ.

"ಯಾವ ಸೇವೆ?" ಎಂದ ಗುಮಾಸ್ತ.

"ನೀರು ಕುಡಿಸೋದು."

"ಯಾರಿಗೆ, ನನಗಾ? ಅದು ಪಟ್ಟಿಯಲ್ಲಿಲ್ಲ. ಕಿವಿಯಲ್ಲಿ ಕೋರಿಕೆ ಅಂತ ಬರ್ಕೊಳ್ತೀನಿ. ಬರೋ ತಿಂಗಳು ಹದಿನೆಂಟಕ್ಕೆ ಬಾ."

ಟೋಕನ್ ನೋಡಿ ಹೆಂಡತಿ ಉರಿದುಬಿದ್ದಳು. "ನಿಮ್ಮ ಸರದಿ ಬರೋದ್ರೊಳಗೆ ಆ ಮೂಕಪ್ರಾಣಿ ಸತ್ತೇ ಹೋಗುತ್ತೆ. ಹೋಗ್ರೀ, ಬಿಚ್ಕೊಂಡು ಬನ್ನಿ!"

ಸಮಿತಿ ಊಟಕ್ಕೆ ಕುಳಿತ ಹೊತ್ತಿನಲ್ಲಿ ಅವನು ಹಗ್ಗ ಬಿಚ್ಚಿದ. ಅವನ ಮನೆಯ ಹಿತ್ತಲಲ್ಲಿ ಹಸು ತಲೆಯೆತ್ತದೆ ಮೂರು ಬಕೆಟ್ ನೀರು ಕುಡಿಯಿತು. ಅವನು ಅದರ ಕೊರಳು ತಬ್ಬಿಕೊಂಡು ಅತ್ತ. ಆಮೇಲೆ ಪೊಲೀಸರಿಗಾಗಿ ಕಾದ.

ಪೊಲೀಸರು ಬರಲಿಲ್ಲ. ಕೊಟ್ಟಿಗೆಯ ಮುಂದೆ ಪ್ರಕಟಣೆ ಬಂತು: "ಗೋಮಾತೆಯು ನಿರಾಕಾರ ಸ್ವರೂಪ ತಾಳಿರುವ ಪ್ರಯುಕ್ತ ಎಲ್ಲ ಸೇವೆಗಳು ಯಥಾಪ್ರಕಾರ ನಡೆಯುವವು." ಬಾಲಸ್ಪರ್ಶಕ್ಕೆಂದು ಬಾಲದ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಲಾಯಿತು. ಒದೆತವಿಲ್ಲ, ವಾಸನೆಯಿಲ್ಲ, ಬಟ್ಟೆ ಕೊಳೆಯಾಗುವುದಿಲ್ಲ, ಸಾಲು ದುಪ್ಪಟ್ಟಾಯಿತು. "ಮೊದಲು ಕೋರಿಕೆ ಹೇಳ್ತಿದ್ರೆ ಕಿವಿ ಕೊಡವ್ತಿತ್ತು. ಈಗ ಪೂರ್ತಿ ಕೇಳಿಸ್ಕೊಳ್ಳುತ್ತೆ," ಎಂದಳು ಒಬ್ಬ ಹೆಂಗಸು.

ಹದಿನೇಳರಂದು ಕಾರ್ಯದರ್ಶಿಗಳೇ ಆಳಿನ ಮನೆಗೆ ಬಂದರು. ಹಿತ್ತಲಲ್ಲಿ ಹಸು ಮೆಲುಕು ಹಾಕುತ್ತಿತ್ತು. ಆಳು ಕೈಮುಗಿದು ನಿಂತ.

"ಇದು ಯಾರದಯ್ಯಾ?"

"ನಿಮ್ಮದೇ ಸ್ವಾಮಿ. ತಪ್ಪಾಯ್ತು."

"ನಮ್ಮದು ಹೇಗಾಗುತ್ತೆ? ನಮ್ಮ ಗೋಮಾತೆ ಕೊಟ್ಟಿಗೆಯಲ್ಲೇ ಇದ್ದಾಳೆ. ನಾಳೆ ನಿನ್ನ ಸರದಿ, ತಪ್ಪಿಸಬೇಡ. ಟೋಕನ್ ರದ್ದಾಗುತ್ತೆ."

ಹದಿನೆಂಟರಂದು ಆಳು ಬೆಳಿಗ್ಗೆ ಬೇಗ ಎದ್ದು ಹಸುವಿನ ಮೈ ತೊಳೆದು, ಹುಲ್ಲು ಹಾಕಿ, ಒಗೆದ ಅಂಗಿ ತೊಟ್ಟು ಹೋದ. ಖಾಲಿ ಗೂಟದ ಪಕ್ಕ ಬಗ್ಗಿ ಗಾಳಿಯಲ್ಲಿ ಏನೋ ಪಿಸುಗುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತ ಪ್ರಮಾಣಪತ್ರ ಓದಿದ: "ಸದರಿಯವರು ಇಂದು ತಮ್ಮ ಜೀವಮಾನದಲ್ಲಿ ಪ್ರಥಮ ಬಾರಿಗೆ ಗೋಸೇವೆ ಮಾಡಿರುತ್ತಾರೆ."

ಆಳು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡ.