ಉಳುಕಿದ ಮಣಿಕಟ್ಟಿಗೆ ಸೇಬು ತಂದ ನಾಯಕರಿಗೆ

ಮಾನ್ಯ ನಾಯಕರೇ,

ಮುಳಬಾಗಿಲು ತಾಲ್ಲೂಕಿನ ರೇಷ್ಮೆ ಬೆಳೆಗಾರ ಅಮರನಾಥರ ಹೆಂಡತಿ ಸುನಂದ ತಮಗೆ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ನೋಡಿ ತಿಳಿದುಕೊಂಡಿದ್ದೇನೆ.

ಚುನಾವಣೆಯ ದಿನ ಎದುರು ಗುಂಪಿನ ಮತಗಟ್ಟೆ ಏಜೆಂಟಾಗಿ ಕೂತ ತಪ್ಪಿಗೆ ತಮ್ಮ ಗುಂಪಿನ ಹುಡುಗ ಕದಿರೇಶ್ ನನ್ನ ಗಂಡನ ಬಲಗೈ ಮುರಿದಾಗ, ಹೊಡೆದ ರಭಸಕ್ಕೆ ಅವನ ಮಣಿಕಟ್ಟೂ ಉಳುಕಿ, ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ ಹಿಡಿದರು. ತಾವು ನೂರು ಕೆಲಸ ಬಿಟ್ಟು ಬಂದು, ಕದಿರೇಶನ ತಲೆ ಸವರಿ ಸೇಬು ಕೊಟ್ಟು, ಪಂಕ್ತಿಭೇದ ಮಾಡಬಾರದೆಂದು ನನ್ನ ಗಂಡನಿಗೂ ಒಂದು ಕೊಟ್ಟಿರಿ. ಎಡಗೈಯಲ್ಲಿ ತಿನ್ನಬಹುದಾದ ಹಣ್ಣನ್ನೇ ಆರಿಸಿದ ತಮ್ಮ ದೂರದೃಷ್ಟಿಗೆ ನಾವು ಋಣಿಗಳು. ಹೊಡೆದದ್ದು ತಪ್ಪು ಎಂಬ ಮಾತನ್ನು ಮಾತ್ರ ತಾವು ಆಡಲಿಲ್ಲ.

ಟೊಮೆಟೊ ಬೆಲೆಯಿಂದ ಹಿಡಿದು ಕ್ರಿಕೆಟ್ ಸೋಲಿನವರೆಗೆ ಎಲ್ಲಕ್ಕೂ ಹೇಳಿಕೆ ಕೊಡುವ ತಮ್ಮ ಬಾಯಿಗೂ ವಿಶ್ರಾಂತಿ ಬೇಕು, ಒಪ್ಪುತ್ತೇನೆ. ಆದರೆ ಕದಿರೇಶ್ "ಅಣ್ಣ ಒಂದ್ ಮಾತೂ ಬೈಲಿಲ್ಲ, ಸೇಬು ಬೇರೆ ಕೊಟ್ರು" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಅದನ್ನು ಕೇಳಿಸಿಕೊಂಡ ನನ್ನ ಮೈದುನ ಮುನೇಶ್ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕಬ್ಬಿಣದ ರಾಡೊಂದನ್ನು ಒರೆಸಿಟ್ಟಿದ್ದಾನೆ. ನನಗೆ ಭಯವಾಗುತ್ತಿದೆ. ಇಷ್ಟನ್ನು ವಿನಯವಿಲ್ಲದೆ ಹೇಳಿದ್ದಕ್ಕೆ ಕ್ಷಮೆಯಿರಲಿ.

ರೇಷ್ಮೆ ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಹಸಿದಿದ್ದಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕೈ ಸಾಲದೆ ನಾನು ಕೂತಿದ್ದಾಗ, ಕುಡುಗೋಲು ಹಿಡಿದು ಬಂದವರು ಕದಿರೇಶನ ತಾಯಿ ಚಿಕ್ಕಗಂಗಮ್ಮ. "ನಮ್ಮೋನು ಮಾಡಿದ್ದು ತಪ್ಪು ಕಣಮ್ಮ" ಎಂದರು, ಸೊಪ್ಪು ಕೊಯ್ದು ಹಾಕಿದರು, ಹೋದರು. ಮೈಕ್ ಕೂಡ ಇರಲಿಲ್ಲ. ಆ ದಿನ ಮುನೇಶ್ ಶೆಡ್ಡಿನ ಕಡೆ ಹೋಗಲಿಲ್ಲ.

ಆದ್ದರಿಂದ ತಮಗೆ ಮಾತು ಹುಡುಕುವ ಶ್ರಮ ಬೇಡ. ಚಿಕ್ಕಗಂಗಮ್ಮನವರ ಮಾತನ್ನೇ ಆ ಫ್ಲೆಕ್ಸಿನಲ್ಲಿ ತಮ್ಮ ಭಾವಚಿತ್ರದ ಕೆಳಗೆ ಹಾಕಿಸಿದರೆ ಅವರು ಬೇಡವೆನ್ನುವುದಿಲ್ಲ. ಅದೂ ಆಗದಿದ್ದರೆ, ಮುಂದಿನ ಪ್ರಚಾರಕ್ಕೆ ಕುರುಡುಮಲೆ ಗಣಪತಿಯ ಎದುರು ಕಾಯಿ ಒಡೆಯುವಾಗಲಾದರೂ, ಒಡೆಯಬೇಕಾದದ್ದು ಇದನ್ನು ಮಾತ್ರ ಎಂದು ಹುಡುಗರಿಗೆ ತಿಳಿಸುವ ಕೃಪೆ ಮಾಡಬೇಕು.

ತಮ್ಮ ಒಂದೇ ಒಂದು ಮಾತಿಗೆ ಕಾದಿರುವ,
ತಮ್ಮ ವಿಶ್ವಾಸಿ,
ಸುನಂದ

ವಿ.ಸೂ.: ನಿನ್ನೆ ನಮ್ಮ ಗುಂಪಿನ ನಾಯಕರೂ ಮನೆಗೆ ಬಂದಿದ್ದರು. ಮುನೇಶನ ಬೆನ್ನು ತಟ್ಟಿ, ಕದಿರೇಶನ ಮನೆ ಯಾವ ಬೀದಿಯಲ್ಲಿದೆ ಎಂದಷ್ಟೇ ವಿಚಾರಿಸಿ, ಹಣ್ಣು ಕೊಟ್ಟು ಹೋದರು. ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ. ಪ್ರತಿಯಲ್ಲಿ ಸೇಬು ಎಂಬ ಪದವನ್ನು ಕೂಡ ತಿದ್ದಬೇಕಾಗಲಿಲ್ಲ.