ಲ್ಯಾಪ್‌ಟಾಪಿಗೆ ನಾನೇ ರ‍್ಯಾಮ್ ಹಾಕಿದ್ದು

ನನ್ನ ಹೆಂಡತಿ ಸವಿತಾ ಲ್ಯಾಪ್‌ಟಾಪಿನಲ್ಲಿ ಸೀರೆಯ ಅಂಚು, ಸೆರಗಿನ ಡಿಸೈನ್ ಬಿಡಿಸುತ್ತಾಳೆ. ನಮ್ಮ ಬನಹಟ್ಟಿಯಲ್ಲಿ ಮಗ್ಗಗಳಿಗೆ ಬರವಿಲ್ಲ, ಅವಳಿಗೆ ಕೆಲಸಕ್ಕೂ ಬರವಿಲ್ಲ. ಆದರೆ ಆ ಲ್ಯಾಪ್‌ಟಾಪ್ ಒಂದು ಹೂವು ತೋರಿಸುವಷ್ಟರಲ್ಲಿ ಅವಳು ಒಂದು ರೊಟ್ಟಿ ಬಡಿದು ಬರುತ್ತಿದ್ದಳು.

"ರ‍್ಯಾಮ್ ಹೆಚ್ಚ ಮಾಡಿದ್ರ ಕುದರಿಹಂಗ ಓಡತೈತಿ. ನಾನ ಹಾಕ್ತೀನಿ," ಎಂದೆ ಒಂದು ರವಿವಾರ ಬೆಳಿಗ್ಗೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಹದಿನಾರು ವರ್ಷ ವಿದ್ಯುತ್ತಿನ ಪಾಠ ಮಾಡಿದವನು.

"ಸಂಜಿಗಿ ಮಗ್ಗದ ಮಾಲಕರು ಬರ್ತಾರ್ರೀ. ಮದುವಿ ಸೀರಿ ಡಿಸೈನ ಇದರಾಗ ಐತಿ."

"ಹತ್ತ ನಿಮಿಷದ ಕೆಲಸ."

ಹಿಂದಿನ ದಿನವೇ ಜಮಖಂಡಿಯಿಂದ ತಂದಿದ್ದ ರ‍್ಯಾಮ್ ಹಿಡಿದು ಕುಳಿತೆ. ಹಳೆಯದನ್ನು ಕಿತ್ತೆ, ಹೊಸದನ್ನು ಕೂರಿಸಿದೆ, ಬಟನ್ ಒತ್ತಿದೆ. ದೀಪ ಹತ್ತಿತು, ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು.

"ಹಳೇದ ತಿರುಗಿ ಹಾಕಿ ನೋಡ್ರಲ್ಲ," ಎಂದಳು ಸವಿತಾ.

"ಕಪ್ಪಾಗಿದ್ದು ಪರದೆ. ಅಂದ ಮ್ಯಾಲ ದೋಷ ಪರದೆದಾಗ ಐತಿ."

ಯಾವ ವಿದ್ಯಾರ್ಥಿಯಾದರೂ ಹೀಗೆ ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ನನಗೆ ಸೊನ್ನೆ ಹಾಕುವವರು ಯಾರೂ ಇರಲಿಲ್ಲವಾದ್ದರಿಂದ ಪರದೆಯ ಸುತ್ತಲಿನ ಚೌಕಟ್ಟನ್ನು ಎಬ್ಬಿಸಿದೆ. ಅದು ಚಟ್ ಎಂದಿತು. ಒಳಗೆ ಒಂದು ತೆಳ್ಳನೆಯ ವೈರು ಕಂಡಿತು. ಸಡಿಲಾಗಿದೆಯೇ ಎಂದು ಎಳೆದು ನೋಡಿದೆ. ಸಡಿಲಾಗಿರಲಿಲ್ಲ. ಎಳೆದ ಮೇಲೆ ಆಯಿತು. ಎಲ್ಲವನ್ನೂ ಮುಚ್ಚಿದಾಗ ಮೂರು ಸ್ಕ್ರೂ ಉಳಿದಿದ್ದವು.

ಸವಿತಾ ಜಗಳ ಮಾಡಲಿಲ್ಲ. ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಎಬ್ಬಿಸಿದ ಕೂಸಿನಂತೆ ಟಾವೆಲಿನಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿದಳು. ಜಮಖಂಡಿ ಬಸ್ಸಿನಲ್ಲಿ ಅದು ಅವಳ ತೊಡೆಯ ಮೇಲಿತ್ತು. ಮೂರು ಸ್ಕ್ರೂಗಳು, ಹಳೆಯ ರ‍್ಯಾಮ್ ನನ್ನ ಕಿಸೆಯಲ್ಲಿದ್ದವು.

ರಿಪೇರಿ ಅಂಗಡಿಯ ದಸ್ತಗೀರಸಾಬರು ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಬಿಚ್ಚಿ ನೋಡಿ ನಕ್ಕರು.

"ರ‍್ಯಾಮ್ ಸರಿ ಕೂತಿಲ್ಲ, ಪರದೆ ಬರದಿರಾಕ ಅದ ಕಾರಣ. ಆದರ ಈ ಪರದೆ ವೈರ ಯಾರೋ ಕಿತ್ತಾರಲ್ರೀ?"

ನಾನು ರಸ್ತೆಯಲ್ಲಿ ಹೋಗುವ ಆಟೋ ನೋಡತೊಡಗಿದೆ.

"ಮನ್ಯಾಗ ಒಬ್ರು ವಿಜ್ಞಾನ ಮಾಸ್ತರ ಅದಾರ್ರೀ," ಎಂದಳು ಸವಿತಾ.

ಅವರು ವೈರು ಸಿಕ್ಕಿಸಿ ರ‍್ಯಾಮ್ ಒತ್ತಿದರು. ಪರದೆಯ ಮೇಲೆ ಮದುವೆ ಸೀರೆಯ ಸೆರಗು ಬಣ್ಣಬಣ್ಣವಾಗಿ ಬಿಚ್ಚಿಕೊಂಡಿತು. ಸವಿತಾಳ ಮುಖ ನೋಡಿ ನನಗೂ ಜೀವ ಬಂತು. ಅಷ್ಟರಲ್ಲಿ ಸಾಬರು ನಾನು ಕಿಸೆಯಿಂದ ತೆಗೆದಿಟ್ಟ ಹಳೆಯ ರ‍್ಯಾಮನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಸರ್, ತಗದದ್ದು ಎರಡು ಜಿಬಿ, ಹಾಕಿದ್ದೂ ಎರಡು ಜಿಬಿ. ಪಕ್ಕದಾಗ ಖಾಲಿ ಜಾಗಾ ಇತ್ತಲ್ರೀ, ಎರಡೂ ಕೂಡಸ್ಬೇಕಿತ್ತು."

ಎರಡನ್ನೂ ಅವರೇ ಕೂರಿಸಿದರು.

ಸಂಜೆ ಮಾಲಕರು ಬಂದರು, ಡಿಸೈನ್ ಮೆಚ್ಚಿದರು, ಇನ್ನೂ ಎರಡು ಸೀರೆಯ ಕೆಲಸ ಹೇಳಿ ಹೋದರು. ಹೂವುಗಳು ಈಗ ತಟ್ಟನೆ ಅರಳುತ್ತಿದ್ದವು. ಸವಿತಾ ಖುಷಿಯಲ್ಲಿದ್ದಳು. ನಾನು ಮೆಲ್ಲನೆ ಹೋಗಿ ಪಕ್ಕದಲ್ಲಿ ನಿಂತೆ.

"ನಾನೇನರ ಮಾಡ್ಲೇನು?"

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಚಾ ಮಾಡ್ರಿ. ಅದರಾಗ ಬಿಚ್ಚೂದೇನೂ ಇಲ್ಲ."

ಮಾಡಿದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.